ಪೂಜೆಗೆಂದು ಎತ್ತಿಟ್ಟ ಕನ್ನಡಕ

ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಅಪಘಾತವಾಗದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಹೆದರುವುದಕ್ಕೂ ಸಂಬಳ ಕೊಡುತ್ತಾರೆ ಎಂದು ತಿಳಿದ ದಿನ ನನ್ನ ಹೆಂಡತಿ, "ಅಂತೂ ನಿಮ್ಮ ರೋಗಕ್ಕೆ ತಕ್ಕ ನೌಕರಿ ಸಿಕ್ತು" ಎಂದಿದ್ದಳು. ಅವಳ ಮಾತು ಸುಳ್ಳಲ್ಲ. ಕನಕಪುರದ ನಮ್ಮ ಮನೆಯ ಬೀಗವನ್ನು ನಾನು ಮೂರು ಸಲ ಎಳೆದು ನೋಡುತ್ತೇನೆ. ಬೀದಿಯ ತುದಿಯವರೆಗೆ ಹೋಗಿ, ವಾಪಸು ಬಂದು, ನಾಲ್ಕನೆಯ ಸಲ ಎಳೆಯುತ್ತೇನೆ. ನನ್ನ ಹೆಗಲ ಚೀಲದಲ್ಲಿ ಟಾರ್ಚು, ಗಾಯದ ಪಟ್ಟಿ, ಎರಡು ಛತ್ರಿ ಸದಾ ಇರುತ್ತವೆ. ಎರಡನೆಯ ಛತ್ರಿ ಮೊದಲನೆಯದು ಬಿಚ್ಚಿಕೊಳ್ಳದಿದ್ದರೆ ಎಂದು.

ಇಷ್ಟೆಲ್ಲ ಹೆದರುವವನು ಇದ್ದೂ, ಹೋದ ವರ್ಷ ಆಯುಧಪೂಜೆಗೆ ಎರಡು ದಿನ ಬಾಕಿ ಇರುವಾಗ, ನಮ್ಮಲ್ಲಿ ಗ್ರೈಂಡಿಂಗ್ ಮಾಡುತ್ತಿದ್ದ ಒಬ್ಬ ಮನುಷ್ಯನ ಎಡಗಣ್ಣು ಹೋಯಿತು. ಅದನ್ನು ಉಳಿಸಬಹುದಾಗಿದ್ದ ಹೊಸ ಕನ್ನಡಕ ಅವನಿಂದ ನಲವತ್ತು ಹೆಜ್ಜೆ ಆಚೆ, ಸ್ಟೋರಿನಲ್ಲಿ, ಒಂದು ರಟ್ಟಿನ ಡಬ್ಬದೊಳಗೆ ಇತ್ತು. ಆ ಡಬ್ಬ ಒಡೆಯುವುದು ಬೇಡ ಎಂದವನು ನಾನು. ಇದನ್ನು ಅವನ ಮುಖ ನೋಡಿಕೊಂಡು ಹೇಳಬೇಕೆಂದು ಒಂದು ವರ್ಷ ಒದ್ದಾಡಿದ್ದೇನೆ. ಹೆಜ್ಜೆ ಎಣಿಸಿದ್ದು ಆಮೇಲೆ. ಎರಡು ಸಲ ಎಣಿಸಿದೆ, ನನ್ನ ಬೀಗದ ಅಭ್ಯಾಸದಂತೆ.

ಅವನು ಕೈಲಾಂಚದ ಕಡೆಯ ಹಳ್ಳಿಯವನು. ನನಗಿಂತ ಹತ್ತು ವರ್ಷ ಚಿಕ್ಕವನು. ಮನೆಯಲ್ಲಿ ಒಂದಿಷ್ಟು ರಾಗಿ ಹೊಲ, ಒಂದು ಕುರಿಮಂದೆ. ಮಂದೆಯನ್ನು ಅಣ್ಣನಿಗೆ ಒಪ್ಪಿಸಿ ದಿನಾ ಬೈಕಿನಲ್ಲಿ ಕೆಲಸಕ್ಕೆ ಬರುತ್ತಿದ್ದ. ಎರಕ ಹೊಯ್ದ ಕಬ್ಬಿಣದ ಬಿಡಿಭಾಗಗಳ ಅಂಚಿನಲ್ಲಿ ಉಳಿದ ಚೂಪನ್ನು, ಗಿರ್ರನೆ ತಿರುಗುವ ಕಲ್ಲಿಗೆ ಹಿಡಿದು ನಯ ಮಾಡುವುದು ಅವನ ಕೆಲಸ. ಕಲ್ಲಿನಿಂದ ಕಿಡಿ ಹಾರುತ್ತದೆ. ಕಿಡಿಯ ಜೊತೆ ಕಬ್ಬಿಣದ ಚೂರೂ ಹಾರುತ್ತದೆ. ಅದಕ್ಕೇ ತಲೆಯ ಹಿಂದೆ ಪಟ್ಟಿ ಬಿಗಿದು ಹಾಕಿಕೊಳ್ಳುವ, ಕಣ್ಣನ್ನು ಸುತ್ತಲೂ ಮುಚ್ಚುವ ಪ್ಲಾಸ್ಟಿಕ್ ಕನ್ನಡಕ ಕೊಡುತ್ತೇವೆ.

ಕೆಲಸ ಶುರುವಾಗುವ ಮೊದಲು ಐದು ನಿಮಿಷ ಎಲ್ಲರನ್ನೂ ನಿಲ್ಲಿಸಿಕೊಂಡು ಎಚ್ಚರಿಕೆಯ ಮಾತಾಡುವುದು ನನ್ನ ಪಾಲಿನದು. ಮೊದಮೊದಲು ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೆ. ಒಂದು ಬೆಳಿಗ್ಗೆ, "ಕನ್ನಡಕ ಇಲ್ಲದೆ ಕಲ್ಲಿನ ಮುಂದೆ ನಿಂತರೆ ಕಣ್ಣು ಹೋಗುತ್ತೆ" ಎಂದೆ. ಪ್ಯಾಕಿಂಗ್ ಮಾಡುವ ಹಿರಿಯ ಹೆಂಗಸು ಮುಂದಿನ ಸಾಲಿನಿಂದಲೇ ತಡೆದಳು.

"ಬುಡ್ತು ಅನ್ನಿ ಸಾ. ಒತ್ತಾರೆ ಎದ್ದು ದೀಪ ಹಚ್ಚಿ ಬಂದು ನಿಂತಿವ್ನಿ. ಕಣ್ಣೋಯ್ತದೆ, ಕೈಯೋಯ್ತದೆ ಅಂತೀರಲ್ಲ."

"ಬಿಡ್ತು" ಎಂದೆ. ತಾನಾಗಿ ಬಂತು. ನಮ್ಮಮ್ಮ ನನ್ನನ್ನು ಬೆಳೆಸಿದ್ದೇ ಹಾಗೆ. ಕೆಟ್ಟ ಮಾತು ಬಾಯಿಂದ ಬಿದ್ದರೆ ಅದು ನೆಲ ಮುಟ್ಟುವ ಮೊದಲೇ ವಾಪಸು ತೆಗೆದುಕೊಳ್ಳಬೇಕು, ಇಲ್ಲವಾದರೆ ಯಾವುದೋ ದೇವತೆ ಅಸ್ತು ಎಂದುಬಿಡುತ್ತದೆ.

ಹಿಂದಿನ ಸಾಲಿನಲ್ಲಿದ್ದ ಅವನು ನಕ್ಕ. "ಸಾರು ಬಾಯಿ ಬುಟ್ರೆ ಆಸ್ಪತ್ರೆ ಕಣಕ್ಕ. ಯಮಧರ್ಮಂಗೂ ಇಷ್ಟು ವಿವರ ಗೊತ್ತಿರಾಕಿಲ್ಲ."

"ಅದ್ಕೇ ಕಣ್ಲಾ, ನಾನು ಸಾರ್ ಮಕ ನೋಡೋಕ್ಮುಂಚೆ ದೇವ್ರ ಮಕ ನೋಡ್ಕಂಡ್ ಬರಾದು."

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಅದೇ ರೂಢಿಯಾಯಿತು. ನಾನು ಬೆರಳು ತುಂಡಾಗುತ್ತದೆ ಎನ್ನುವುದು, ಅವಳು ಬುಡ್ತು ಅನ್ನಿ ಎನ್ನುವುದು, ನಾನು ಬಿಡ್ತು ಎನ್ನುವುದು. ಎಚ್ಚರಿಕೆ ಕೊಡುವವನೂ ನಾನೇ, ನಿಂತ ನಿಲುವಿನಲ್ಲಿ ಅದನ್ನು ಅಳಿಸುವವನೂ ನಾನೇ. ಕೊನೆಗೆ ನನಗೇ ಅಳುಕು ಹತ್ತಿತು. ನಾನು ಹೆಸರಿಟ್ಟು ಕರೆದ ಕೇಡು ನಿಜಕ್ಕೂ ಬಂದರೆ ಕರೆದವನು ನಾನೇ ಆಗುತ್ತೇನಲ್ಲ. ಮಾತು ಬದಲಾಯಿಸಿದೆ. "ನಗುನಗುತ್ತಾ ಬಂದಿದ್ದೀರಿ, ನಗುನಗುತ್ತಾ ಮನೆಗೆ ಹೋಗೋಣ" ಎಂದು ಶುರುಮಾಡಿ, "ಕೊಟ್ಟ ಸಾಮಾನು ಹಾಕಿಕೊಳ್ಳೋಣ" ಎಂದು ಮುಗಿಸುತ್ತಿದ್ದೆ. ಮದುವೆ ಮನೆಯಲ್ಲಿ ಹೇಳಿದರೂ ನಡೆಯುವ ಮಾತು. ಕಣ್ಣು, ಕೈ, ಬೆರಳು ಎಲ್ಲವೂ ನನ್ನ ಭಾಷಣದಿಂದ ಮರ್ಯಾದೆಯಾಗಿ ಎದ್ದು ಹೋದವು. ಆ ಹೆಂಗಸು ಒಂದು ದಿನ, "ಈಗ ಚೆಂದಾಗಿ ಮಾತಾಡ್ತೀರ ಸಾ" ಎಂದಳು. ಅದನ್ನು ಮನೆಗೆ ಬಂದು ಹೆಂಡತಿಗೂ ಹೇಳಿದೆ.

ಹೊಸ ಕನ್ನಡಕಗಳ ಡಬ್ಬ ಬಂದದ್ದು ಪಿತೃಪಕ್ಷ ಶುರುವಾದ ಮೂರನೆಯ ದಿನ. ಸ್ಟೋರಿನವನು ಚೀಟಿಗೆ ಸಹಿ ಹಾಕಿಸಿಕೊಂಡು, "ಬಿಚ್ಚಲಾ ಸಾರ್?" ಎಂದು ಕೇಳಿದ. ಕೇಳುವಾಗಲೇ ಅವನಿಗೆ ಮನಸ್ಸಿರಲಿಲ್ಲ. ಪಕ್ಷದಲ್ಲಿ ಹೊಸದು ತೊಡುವುದಿಲ್ಲ, ಹೊಸದು ಶುರುಮಾಡುವುದಿಲ್ಲ. ನಮ್ಮ ಮನೆಯಲ್ಲಿ ಅಪ್ಪನ ಎಡೆ ಇನ್ನೂ ಆಗಿರಲಿಲ್ಲ.

"ಅಮಾವಾಸ್ಯೆ ಕಳೀಲಿ" ಎಂದೆ.

ಇಲ್ಲಿಗೆ ನಿಂತಿದ್ದರೆ ಅಪರಾಧ ಅರ್ಧಕ್ಕೆ ಮುಗಿಯುತ್ತಿತ್ತೇನೋ. ಆದರೆ ಆ ದಿನ ಮನೆಗೆ ಹೋಗುವ ದಾರಿಯಲ್ಲಿ, ಬೈಕಿನ ಮೇಲೆ, ನನಗೊಂದು ಐಡಿಯಾ ಹೊಳೆಯಿತು. ಆಯುಧಪೂಜೆಯಲ್ಲಿ ನಮ್ಮವರು ಸ್ಪ್ಯಾನರಿಗೆ ಕುಂಕುಮ ಇಡುತ್ತಾರೆ, ಲೇತಿಗೆ ಹೂವು ಮುಡಿಸುತ್ತಾರೆ, ತಳ್ಳುವ ಗಾಡಿಗೂ ಬಾಳೆಕಂದು ಕಟ್ಟುತ್ತಾರೆ. ಪೂಜೆಯಾದ ಸಾಮಾನನ್ನು ಕಾಲಿನಿಂದ ಒದೆಯುವುದಿಲ್ಲ, ಎಲ್ಲೆಂದರಲ್ಲಿ ಎಸೆಯುವುದಿಲ್ಲ. ಹಾಗಿದ್ದರೆ ಕನ್ನಡಕವನ್ನೂ ಪೂಜೆಗೆ ಇಟ್ಟು, ಎಲ್ಲರ ಎದುರು ಪ್ರಸಾದದ ಹಾಗೆ ಕೈಗೆ ಕೊಟ್ಟರೆ? ಆಗ ಯಾರು ಅದನ್ನು ಕುತ್ತಿಗೆಗೆ ನೇತುಹಾಕಿಕೊಂಡು ಓಡಾಡುತ್ತಾರೆ? ರಾಮನಗರ ಜಿಲ್ಲೆಯಲ್ಲಿ ಇದುವರೆಗೆ ಯಾರಿಗೂ ಹೊಳೆಯದ ಉಪಾಯ ಎಂದು ಹೆಮ್ಮೆಪಟ್ಟೆ. ಒಂದು ಭಾಷಣವನ್ನೂ ಬರೆದಿಟ್ಟುಕೊಂಡೆ. ಅಮಾವಾಸ್ಯೆ ಕಳೆದ ಮೇಲೆ ಸ್ಟೋರಿನವನು ಮತ್ತೆ ಕೇಳಿದಾಗ, "ಇನ್ನೇನು ಹಬ್ಬ ಬಂತಲ್ಲಪ್ಪ, ಪೂಜೆಗೆ ಇಟ್ಟೇ ಹಂಚೋಣ" ಎಂದೆ. ಅವನಿಗೂ ಅದು ಲಕ್ಷಣವಾಗಿ ಕಂಡಿತು.

ಅದರ ಮಾರನೆಯ ದಿನವೇ ಗ್ರೈಂಡಿಂಗಿನ ಅವನು ಟೀ ಹೊತ್ತಿನಲ್ಲಿ ನನ್ನ ಮೇಜಿನ ಹತ್ತಿರ ಬಂದ. ಕೈಯಲ್ಲಿ ಅವನ ಹಳೆಯ ಕನ್ನಡಕ.

"ಇದನ್ನ ಒಂದ್ಸಲ ನೀವೇ ಹಾಕ್ಕಂಡ್ ನೋಡಿ ಸಾ."

ಹಾಕಿಕೊಂಡೆ. ಕಿಡಿ ಬಡಿದು ಬಡಿದು ಪ್ಲಾಸ್ಟಿಕ್ಕೆಲ್ಲ ಗೀರು. ಹಾಲಿನ ಪ್ಯಾಕೆಟ್ಟಿನೊಳಗಿಂದ ನೋಡಿದ ಹಾಗೆ ನನ್ನ ಕೈ ನನಗೇ ಮಸುಕಾಗಿ ಕಂಡಿತು.

"ಅಂಚು ಕಾಣಾಕಿಲ್ಲ. ಕಾಣಿಸ್ಬೇಕಂದ್ರೆ ಹಣೆ ಮೇಲಕ್ಕೆ ತಳ್ಕಬೇಕು. ಆಮ್ಯಾಕೆ ನೀವು ಬಂದು ಬಯ್ತೀರ."

ನಾನು ನಿಜವಾಗಿ ಬಯ್ಯುತ್ತಿದ್ದೆ. ಕನ್ನಡಕ ಹಣೆಯ ಮೇಲಿದ್ದರೆ ಬಯ್ಯುವುದು, ಕೆಳಗಿಳಿಸಿದರೆ ಬೆನ್ನು ತಟ್ಟುವುದು. ಯಾಕೆ ಮೇಲೆ ಹೋಗುತ್ತದೆ ಎಂದು ಅದುವರೆಗೆ ಕೇಳಿರಲಿಲ್ಲ. ಈಗ ಅವನೇ ಬಂದು ಹೇಳುತ್ತಿದ್ದ. ಅವನ ಕಣ್ಣಿನ ಮುಂದಿನ ಮಸುಕು ಆ ಗಳಿಗೆಯಲ್ಲಿ ನನ್ನ ಕಣ್ಣಿನ ಮುಂದೆಯೇ ಇತ್ತು. ಆದರೂ ನಾನು ಹೇಳಿದ್ದು, "ಒಂದು ವಾರ ಸುಧಾರಿಸಿಕೊಳ್ಳಪ್ಪ. ಹಬ್ಬಕ್ಕೆ ಹೊಸದು ಕೊಡ್ತೀವಿ." ಆಗಲೇ ಬಂದು ಕೂತಿದೆ ಎನ್ನಲಿಲ್ಲ. ಒಬ್ಬನಿಗೆ ಮೊದಲೇ ಕೊಟ್ಟರೆ ಪೂಜೆಯ ದಿನದ ಗತ್ತು ಕೆಡುತ್ತದೆಂಬ ಚಿಂತೆ. ಚಿಂತೆಗಳಿಗೆ ನನ್ನಲ್ಲಿ ಯಾವತ್ತೂ ಬರವಿಲ್ಲ, ನೋಡಿ.

ಅವನು ಸಣ್ಣಗೆ ನಕ್ಕು, "ಆಯ್ತು ಬುಡಿ ಸಾ" ಎಂದು ಕನ್ನಡಕ ಈಸಿಕೊಂಡು ಹೋದ. ಆ ನಗು ಯಾವುದೆಂದು ನನಗೆ ಆಗ ತಿಳಿಯಲಿಲ್ಲ.

ಅಪಘಾತವಾದ ದಿನ ಬೆಳಿಗ್ಗೆ ಹಬ್ಬಕ್ಕೆಂದು ಶೆಡ್ಡಿನ ತುಂಬ ಬಣ್ಣದ ಕಾಗದ ಕಟ್ಟುತ್ತಿದ್ದರು. ನಾನು ಏಣಿ ಹಿಡಿದು ನಿಂತಿದ್ದೆ. ಏಣಿಯ ಮೇಲಿನವನು ಬಿದ್ದಾನೆಂದು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದೆ. ಮೇಲಿನವನೇ, "ಒಸಿ ಸಡ್ಲ ಬುಡಿ ಸಾರ್, ನಿಮ್ ನಡುಕಕ್ಕೇ ಏಣಿ ಅಲ್ಲಾಡ್ತಾ ಐತೆ" ಎಂದ. ಅದೇ ಹೊತ್ತಿಗೆ ಗ್ರೈಂಡಿಂಗ್ ಕಡೆಯ ಸದ್ದು ನಿಂತಿತು. ಕಿರುಚಾಟವೇನೂ ಕೇಳಲಿಲ್ಲ. ಅವನು ಮೋಟಾರು ಆರಿಸಿ, ಎಡಗಣ್ಣಿನ ಮೇಲೆ ಅಂಗೈ ಇಟ್ಟುಕೊಂಡು, ಕಂಬಕ್ಕೆ ಒರಗಿ ಕೂತಿದ್ದ. ಹಳೆಯ ಕನ್ನಡಕ ಹಣೆಯ ಮೇಲಿತ್ತು.

"ಏನೋ ಬಿತ್ತು ಸಾ" ಎಂದ. "ಉಜ್ಜಿಲ್ಲ. ಉಜ್ಬ್ಯಾಡಿ ಅಂತ ನೀವೇಳಿದ್ರಲ್ಲ."

ಇಷ್ಟು ವರ್ಷ ನಾನು ಆಡಿದ ಮಾತುಗಳಲ್ಲಿ ಒಂದನ್ನು ಅವನು ನೆನಪಿಟ್ಟುಕೊಂಡಿದ್ದ. ಕನಕಪುರದ ಆಸ್ಪತ್ರೆಗೆ, ಅಲ್ಲಿಂದ ಬೆಂಗಳೂರಿನ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆವು. ಚೂರು ಕಣ್ಣಿನೊಳಕ್ಕೆ ಇಳಿದಿತ್ತು. ಅದನ್ನು ತೆಗೆದರು. ದೃಷ್ಟಿ ಬರುವುದಿಲ್ಲ ಎಂದು ಡಾಕ್ಟರು ನನಗೆ ಹೇಳಿದರು. ಅವರ ಮಾತಿಗೆ ಬಿಡ್ತು ಅನ್ನಿ ಎನ್ನುವ ಹುಚ್ಚು ಆಸೆ ನನ್ನ ಬಾಯಿಯವರೆಗೆ ಬಂದಿತ್ತು.

ಪೂಜೆ ನಿಲ್ಲಲಿಲ್ಲ. ಬೂದುಗುಂಬಳ ಒಡೆದರು. ಚೂರಿನ ಮೇಲೆ ಬೈಕು ಜಾರುತ್ತದೆಂದು ನಾನು ಎಂದಿನಂತೆ ಪೊರಕೆ ಹಿಡಿದು ಗುಡಿಸಿದೆ. ಕಡ್ಲೆಪುರಿ ಹಂಚಿದರು. ಕನ್ನಡಕಗಳನ್ನು ತಟ್ಟೆಯಲ್ಲಿಟ್ಟು, ಪಟ್ಟಿಗೆ ಕುಂಕುಮ ಹಚ್ಚಿ, ಒಬ್ಬೊಬ್ಬರಿಗೇ ಕೊಟ್ಟೆವು. ಎಲ್ಲರೂ ಕಣ್ಣಿಗೊತ್ತಿಕೊಂಡು ತೆಗೆದುಕೊಂಡರು. ನಾನು ಅಂದುಕೊಂಡಿದ್ದ ಹಾಗೆಯೇ, ಒಂದಿಷ್ಟೂ ಹೆಚ್ಚುಕಡಿಮೆಯಿಲ್ಲದೆ ನಡೆಯಿತು. ಭಾಷಣ ಜೇಬಿನಲ್ಲಿತ್ತು. ತೆಗೆಯಲಿಲ್ಲ. ಕೊನೆಗೆ ತಟ್ಟೆಯಲ್ಲಿ ಒಂದು ಕನ್ನಡಕ ಉಳಿಯಿತು. ಅದನ್ನು ನನ್ನ ಮೇಜಿನ ಖಾನೆಗೆ ಹಾಕಿಕೊಂಡೆ.

ಹಬ್ಬ ಕಳೆದ ಮೇಲಿನ ಮೊದಲ ಬೆಳಿಗ್ಗೆ ಐದು ನಿಮಿಷದ ಮಾತಿಗೆ ನಿಂತಾಗ, "ಅವನ ಎಡಗಣ್ಣು ಹೋಯಿತು" ಎಂದಷ್ಟೇ ಹೇಳಿದೆ. ಪ್ಯಾಕಿಂಗಿನ ಹೆಂಗಸು ಬಾಯಿ ತೆರೆದಳು. ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ನೆಲ ನೋಡಿದಳು.

ಗೇಟಿನ ಬಳಿ ಕೂರುವ ಕೆಲಸ ಕೊಡುತ್ತೇವೆಂದು ಮಾಲೀಕರು ಹೇಳಿಕಳಿಸಿದರು. ಅವನು ಒಲ್ಲೆ ಎಂದ. ಆ ಕಲ್ಲಿನ ಸದ್ದು ಕೇಳುತ್ತಾ ಕೂರುವುದು ತನ್ನಿಂದಾಗದು ಎಂದನಂತೆ. ಅಣ್ಣನಿಂದ ಮಂದೆ ವಾಪಸು ತೆಗೆದುಕೊಂಡು ಕುರಿ ಮೇಯಿಸತೊಡಗಿದ.

ಡಬ್ಬದ ಸಂಗತಿ ಹೇಳಲೆಂದೇ ನಾನು ಮೂರು ಸಲ ಅವನ ಹತ್ತಿರ ಹೋದೆ. ಮೊದಲ ಸಲ ಆಸ್ಪತ್ರೆಯಲ್ಲಿ. ಕಿತ್ತಳೆ ಸುಲಿದು ಕೊಟ್ಟು ಬಂದೆ. ಎರಡನೆಯ ಸಲ ಅವನ ಊರಿನಲ್ಲಿ. ಅವನ ಹೆಂಡತಿ ಕಾಫಿ ಕೊಟ್ಟಳು, ಕುಡಿದು ಬಂದೆ. ಮೂರನೆಯ ಸಲ ಅವನು ಮಂದೆ ಹೊಡೆದುಕೊಂಡು ಬರುವುದು ದಾರಿಯಲ್ಲೇ ಕಂಡಿತು. ಅಷ್ಟೂ ಕುರಿಗಳನ್ನು ತನ್ನ ಬಲಕ್ಕೆ ಇಟ್ಟುಕೊಂಡಿದ್ದ. ಎಡಕ್ಕೆ ನಾಯಿ. ಎಡಗಡೆಗೆ ಹೋದ ಮರಿ ತನಗೆ ಕಾಣುವುದಿಲ್ಲ, ಅದನ್ನು ತಿರುಗಿಸಿ ತರಲು ನಾಯಿಗೆ ಕಲಿಸಿದ್ದೇನೆ ಎಂದ. ನಾನು ಕುರಿಗಳ ಕಾಲುಬಾಯಿ ಜ್ವರದ ಬಗ್ಗೆ ಅರ್ಧ ಗಂಟೆ ಮಾತಾಡಿ ವಾಪಸು ಬಂದೆ. ನನ್ನ ಚೀಲದಲ್ಲಿ ಎರಡು ಛತ್ರಿಗೆ ಜಾಗವಿದೆ, ಒಂದು ನಿಜಕ್ಕೆ ಇರಲಿಲ್ಲ.

ನಾಲ್ಕನೆಯ ಸಲ ಹೋದದ್ದು ಈ ವರ್ಷ, ಮತ್ತೆ ಪಿತೃಪಕ್ಷದಲ್ಲಿ. ಹಟ್ಟಿಯ ಪಕ್ಕದಲ್ಲಿ ಅವನ ಹೆಂಡತಿ ಮೇವು ಕತ್ತರಿಸುವ ಮಿಷನ್ನಿಗೆ ಜೋಳದ ಕಡ್ಡಿ ಕೊಡುತ್ತಿದ್ದಳು. ಹೊಸದಾಗಿ ಮೋಟಾರು ಹಾಕಿಸಿದ್ದರು. ಕಡ್ಡಿಯ ಚೂರು ಅವಳ ಮುಖದ ಸುತ್ತ ಹಾರುತ್ತಿತ್ತು. ಅವಳು ಕಣ್ಣು ಕಿರಿದು ಮಾಡಿ, ಮುಖ ಆಚೆ ತಿರುಗಿಸಿ, ಕೈ ಮಾತ್ರ ಮುಂದೆ ಮಾಡಿ ತಳ್ಳುತ್ತಿದ್ದಳು. ಸೆರಗು ಜೋತುಬಿದ್ದಿತ್ತು.

"ಮೋಟಾರು ಆರಿಸಮ್ಮ" ಎಂದೆ. ಆರಿಸಿದಳು. "ಸೆರಗು ಸೊಂಟಕ್ಕೆ ಸಿಕ್ಕಿಸಿಕೋ. ಅದು ಒಂದು ಸಲ ಬೆಲ್ಟಿಗೆ ಸಿಕ್ಕಿದರೆ..."

ಅಲ್ಲಿಗೆ ನಿಲ್ಲಿಸಿದೆ. ರೂಢಿ.

ಜಗಲಿಯ ಮೇಲೆ ಕೂತಿದ್ದ ಅವನು, "ಹೇಳಿ ಸಾ" ಎಂದ. "ಪೂರ್ತಿ ಹೇಳಿ."

"ಕೈ ಹೋಗುತ್ತೆ."

"ಬುಡ್ತು ಅನ್ನಿ ಸಾ, ಪಕ್ಷ ಬೇರೆ" ಎಂದಳು ಅವಳು.

"ಅನ್ಬ್ಯಾಡಿ" ಎಂದ ಅವನು ನನಗೆ. ಆಮೇಲೆ ಅವಳಿಗೆ, "ಸಾರ್ ಏಳ್ದಂಗೆ ಮಾಡಮ್ಮಿ. ನಂಗೆ ಅವತ್ತು ಇಂಗೆ ಬುಡಿಸಿ ಹೇಳಿರ್ನಿಲ್ಲ."

ಅವಳು ಸೆರಗು ಸಿಕ್ಕಿಸಿಕೊಂಡು ನನಗೆ ಕಾಫಿ ಮಾಡಲು ಒಳಗೆ ಹೋದಳು. ನಾನು ಅವನ ಬಲಗಡೆ ಕೂತೆ. ಈಗಲಾದರೂ ಹೇಳಬೇಕೆಂದು ಗಂಟಲು ಸರಿಮಾಡಿಕೊಂಡೆ. ಅವನೇ ಮೊದಲು ಮಾತಾಡಿದ.

"ಸಾ, ಅವಳಿಗೆ ಒಂದು ಕನ್ನಡ್ಕ ತಂದ್ಕೊಡಿ. ಕಡ್ಡಿ ಸಿಡೀತದೆ, ಮಕ ತಿರುಗಿಸ್ಕಂಡ್ ಕೈ ಕೊಡ್ತಾಳೆ. ನೋಡಿದ್ರೆ ನಂಗೆ ಒಳ್ಗೇ ಅದುರ್ತದೆ."

"ತಂದುಕೊಡ್ತೀನಿ ಕಣಪ್ಪ."

"ಪಕ್ಷ ಕಳೀಲಿ, ಪೂಜೆ ಆಗ್ಲಿ ಅಂತ ಎತ್ತಿ ಮಡಗ್ಬ್ಯಾಡಿ. ನಾಳೀಕೇ ತನ್ನಿ." ಹೇಳಿ ಸಣ್ಣಗೆ ನಕ್ಕ. ಅವತ್ತು ನನ್ನ ಮೇಜಿನ ಹತ್ತಿರ ನಕ್ಕ ಅದೇ ನಗು.

"ನಿನಗೆ ಗೊತ್ತಿತ್ತಾ?" ಎಂದೆ.

"ಡಬ್ಬ ಗಾಡಿಯಿಂದ ಇಳ್ಸಿದ್ದು ನಾನೇ ಅಲ್ವಾ ಸಾ. ಮೇಲ್ಗಡೆ ಕನ್ನಡ್ಕದ ಪಟ ಇತ್ತು."

"ಮತ್ತೆ ಬಾಯಿಬಿಟ್ಟು ಕೇಳಬಾರದಾಗಿತ್ತಾ?"

"ಕೇಳಿದ್ನಲ್ಲ. ಹಳೇದು ತಂದು ನಿಮ್ಮ ಕಣ್ಣಿಗೇ ಹಾಕಿ ತೋರಿಸಿದ್ನಲ್ಲ. ಪೂಜೆಗೆ ಮಡಗವ್ರೆ ಅಂತ ಸ್ಟೋರ್ನೋನು ಅಂದಿದ್ದ. ಪೂಜೆಗೆ ಅಂತ ಎತ್ತಿಟ್ಟಿದ್ನ ಕೊಡಿ ಅಂತ ನಾನೆಂಗೆ ಅನ್ಲಿ? ನಮ್ಮಪ್ಪನ ಎಡೆನೂ ಆಗ ತಾನೇ ಆಗಿತ್ತು. ನಂಗೂ ಒಸಿ ಭಯವೇ. ನೀವು ದೊಡ್ಡೋರು, ನೋಡಿದ ಮ್ಯಾಲೆ ನೀವೇ ಕೊಡ್ತೀರ ಅಂದ್ಕಂಡೆ."

ತಪ್ಪಾಯ್ತು ಎಂದೆ. ವರ್ಷವಿಡೀ ಸಿದ್ಧಮಾಡಿಕೊಂಡಿದ್ದ ಮಾತು, ಹೇಳಿದಾಗ ಅಷ್ಟೇ ಉದ್ದವಿತ್ತು. ಅವನು ಪರವಾಗಿಲ್ಲ ಎನ್ನಲಿಲ್ಲ. ಬಯ್ಯಲೂ ಇಲ್ಲ. "ಕಾಫಿ ಬಂತು, ಈಸ್ಕಳಿ" ಎಂದ. ಕಾಫಿ ಕುಡಿಯುವಷ್ಟು ಹೊತ್ತೂ ನಾನು ಲೆಕ್ಕಹಾಕುತ್ತಿದ್ದುದು ಒಂದೇ. ಅವನಿಗೆ ಪೂಜೆಯ ಭಯವಿದ್ದರೆ ಅದು ಅವನ ನಂಬಿಕೆ. ನನಗೂ ಅದೇ ಭಯವಿತ್ತು. ಆದರೆ ಇಬ್ಬರಲ್ಲಿ ಆ ಭಯವನ್ನು ಮೀರಬೇಕಾದ ಕೆಲಸ ನನ್ನೊಬ್ಬನದಾಗಿತ್ತು. ಹುಟ್ಟಿದಾಗಿನಿಂದ ಸಾವಿರ ಸಲ ಹೆದರಿದವನು, ಹೆದರಬೇಕಾದ ಒಂದು ಸಲ ಶುಭ ಅಶುಭ ನೋಡುತ್ತಾ ಕೂತುಬಿಟ್ಟೆ.

ಮಾರನೆಯ ದಿನ ಕೆಲಸಕ್ಕೆ ಹೋದವನು ಮೇಜಿನ ಖಾನೆ ಎಳೆದೆ. ಅವನ ಪಾಲಿನ ಆ ಕನ್ನಡಕ ವರ್ಷದಿಂದ ಅಲ್ಲೇ ಇತ್ತು. ಗೀರಿಲ್ಲ, ಮಸುಕಿಲ್ಲ. ಸೋಪು ಹಾಕಿ ತೊಳೆದೆ. ಪಟ್ಟಿಗೆ ಹಿಡಿದಿದ್ದ ಕುಂಕುಮ ಮೂರು ಸಲ ಉಜ್ಜಿದರೂ ಪೂರ್ತಿ ಹೋಗಲಿಲ್ಲ. ಆ ವಾರ ಬಂದಿದ್ದ ಕೈಗವಸುಗಳ ಡಬ್ಬ ಸ್ಟೋರಿನ ಬಾಗಿಲಲ್ಲೇ ಇತ್ತು. ಬೈಕಿನ ಕೀಲಿಯಿಂದ ಅದರ ಟೇಪು ಹರಿದೆ. ಸ್ಟೋರಿನವನು, "ಸಾರ್, ಅಮಾವಾಸ್ಯೆ ಇನ್ನೂ..." ಎಂದು ಶುರುಮಾಡಿ, ನನ್ನ ಮುಖ ನೋಡಿ, ಹಂಚುವ ಪಟ್ಟಿ ತರಲು ಹೋದ.

ಸಂಜೆ ಹಟ್ಟಿಯ ಹತ್ತಿರ ಬೈಕು ನಿಲ್ಲಿಸಿದಾಗ ಅವಳು ಮೇವಿನ ಮಿಷನ್ನಿನ ಮುಂದೆ ನಿಂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಕನ್ನಡಕ ಕೈಗೆ ಕೊಟ್ಟೆ. ಅವಳು ಪಟ್ಟಿಯ ಮೇಲಿನ ಕುಂಕುಮದ ಗುರುತು ನೋಡಿದಳು. ಯಾವ ದೇವರದೆಂದು ಕೇಳಲಿಲ್ಲ. ಎರಡೂ ಕಣ್ಣಿಗೆ ಒತ್ತಿಕೊಂಡು, ಆಮೇಲೆ ಹಾಕಿಕೊಂಡಳು. ಪಟ್ಟಿ ಸಡಿಲವಿತ್ತು. ನಾನು ಬಿಗಿ ಮಾಡುವುದು ಹೇಗೆಂದು ತೋರಿಸಿದೆ.

"ಎಂಗೈತೆ?" ಎಂದು ಗಂಡನನ್ನು ಕೇಳಿದಳು.

ಅವಳು ನಿಂತಿದ್ದದ್ದು ಅವನ ಎಡಗಡೆ. ಅವನು ಜಗಲಿಯ ಮೇಲೆ ಕೂತಲ್ಲೇ ಇಡೀ ತಲೆಯನ್ನು ತಿರುಗಿಸಿ, ಬಲಗಣ್ಣಿಗೆ ಸಿಗುವ ಹಾಗೆ ಮಾಡಿಕೊಂಡು, ಅವಳನ್ನು ನೋಡಿದ.